ಅಲರ್ಜಿ ಅಂತ ಯಾಕೆ ಹೇಳಿದ್ರಿ?

ಸಾಗರದ ಹುಡುಗಿಯೊಬ್ಬರು ಜಪಾನಿನ ಶಿಮಾನೆಯಿಂದ ಬರೆದಿದ್ದಾರೆ. ಪತ್ರ ಓದಿ ಎರಡು ದಿನ ಆಯಿತು, ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಕಳೆದ ಆಗಸ್ಟಿನಲ್ಲಿ ಅವರು ಅಲ್ಲಿಗೆ ಹೋದರು. ಸಣ್ಣ ಊರಿನ ಪ್ರಾಥಮಿಕ ಶಾಲೆಯಲ್ಲಿ ಎಎಲ್‌ಟಿ ಕೆಲಸ. ಅಂದರೆ ಕ್ಲಾಸ್ ಟೀಚರ್ ಜೊತೆ ನಿಂತು ಇಂಗ್ಲಿಷ್ ಕಲಿಸುವ ಸಹಾಯಕ ಶಿಕ್ಷಕಿ. ಬಸ್ಸಿನಲ್ಲಿ ಇವರ ಪಕ್ಕದ ಸೀಟು ಖಾಲಿಯೇ ಇರುತ್ತದೆ. ಇವರು ಓದಿ ಹೇಳಬೇಕಾದ ಪಾಠವನ್ನು ಟೀಚರ್ ಆಡಿಯೊ ಹಾಕಿ ಮುಗಿಸುತ್ತಾರೆ. ಜನವರಿಯಿಂದ ಊಟವೂ ಮಕ್ಕಳ ಜೊತೆ ಇಲ್ಲ, ಸ್ಟಾಫ್ ರೂಮಿನಲ್ಲಿ ಒಬ್ಬರೇ. ನನ್ನ ಬಣ್ಣ, ನನ್ನ ದೇಶ ಇವರಿಗೆ ಹಿಡಿಸಿಲ್ಲ ಅನ್ನೋದು ಅವರ ತೀರ್ಮಾನ. ಇನ್ನೊಂದು ವರ್ಷ ಇರುತ್ತೀರಾ ಅಂತ ಅಲ್ಲಿನ ಶಿಕ್ಷಣ ಮಂಡಳಿ ಕೇಳಿದೆ. ಇತ್ತ ಅಮ್ಮ, ಸಂಬಂಧ ಬಂದಿದೆ, ವಾಪಸ್ ಬಾ ಅಂತಿದ್ದಾರೆ. ಏನು ಮಾಡಲಿ ಅಂತ ಪ್ರಶ್ನೆ.

ನೋಡಮ್ಮಾ, ನಾಲ್ಕು ಪುಟದ ಪತ್ರದ ಮಧ್ಯದಲ್ಲಿ ನೀವು ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. "ವೆಜ್ ಅಂತ ವಿವರಿಸೋದು ಕಷ್ಟ, ಅದಕ್ಕೆ ಮೀನು, ಮಾಂಸ, ಮೊಟ್ಟೆ ಅಲರ್ಜಿ ಅಂತ ಹೇಳಿದ್ದೆ." ನಾನು ಅಲ್ಲೇ ನಿಂತೆ.

ಡಿಸೆಂಬರಿನ ಬೋನೆನ್‌ಕಾಯ್ ನೆನಪು ಮಾಡಿಕೊಳ್ಳಿ, ಆ ವರ್ಷಾಂತ್ಯದ ಔತಣ. ನೀವು ಮಿಸೊ ಸೂಪ್ ಕುಡಿದ್ರಿ. ಉಪ ಮುಖ್ಯೋಪಾಧ್ಯಾಯರು, ನಿಮ್ಮ ಕ್ಯೋತೋ ಸೆನ್ಸೇ, ಮೂರು ಸಲ ಎದ್ದು ಬಂದು "ದೈಜೋಬು?", ಅಂದರೆ ಏನೂ ತೊಂದರೆ ಇಲ್ಲ ತಾನೇ, ಅಂತ ಕೇಳಿದರು. ಎಲ್ಲರೂ ನನ್ನನ್ನೇ ನೋಡಿದರು, ಅವಮಾನ ಆಯಿತು ಅಂತ ಬರೆದಿದ್ದೀರಿ. ಆ ಸೂಪಿನ ಸಾರ ಬರೋದು ದಾಶಿಯಿಂದ. ದಾಶಿಯನ್ನು ಸಾಮಾನ್ಯವಾಗಿ ಒಣಮೀನಿನಿಂದ ತೆಗೆಯುತ್ತಾರೆ. ಇದನ್ನು ಕೇಳಿ ನಿಮಗೆ ಸಂಕಟ ಆಗಬಹುದು, ಕ್ಷಮಿಸಿ. ಆದರೆ ಅವರ ಕಡೆಯಿಂದ ಯೋಚಿಸಿ. ಮೀನು ಆಗಲ್ಲ ಅಂದ ಹುಡುಗಿ ಮೀನಿನ ಸಾರು ಕುಡೀತಿದ್ದಾಳೆ. ಈಗ ಉಸಿರು ಕಟ್ಟಿ ಬೀಳ್ತಾಳೇನೋ ಅಂತ ಅವರ ಜೀವ ಬಾಯಿಗೆ ಬಂದಿರುತ್ತದೆ. ಅದು ಅವಮಾನ ಅಲ್ಲಮ್ಮ, ಭಯ.

ಆ ಭಯಕ್ಕೆ ಕಾರಣ ಇದೆ. 2012ರ ಡಿಸೆಂಬರಿನಲ್ಲಿ ಟೋಕಿಯೊದ ಚೋಫು ನಗರದಲ್ಲಿ ಐದನೇ ತರಗತಿಯ ಹುಡುಗಿಯೊಬ್ಬಳು ಶಾಲೆಯ ಊಟ ಮಾಡಿ ತೀರಿಕೊಂಡಳು. ಅವಳಿಗೆ ಹಾಲಿನ ಪದಾರ್ಥ ಆಗುತ್ತಿರಲಿಲ್ಲ. ಇನ್ನೊಂದು ಸಲ ಬಡಿಸಿಕೊಂಡಿದ್ದರಲ್ಲಿ ಚೀಸ್ ಇತ್ತು. ಅದರ ನಂತರ ಅಲ್ಲಿನ ಶಾಲೆಗಳಲ್ಲಿ ಅಲರ್ಜಿ ಅನ್ನೋ ಪದವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಲ್ಲ. ಮೂವತ್ತು ಮಕ್ಕಳು ತಟ್ಟೆ ಹಿಡಿದು ಓಡಾಡುವ ಕೋಣೆಯಿಂದ ನಿಮ್ಮನ್ನು ದೂರ ಕೂರಿಸಿದ್ದು ನಿಮ್ಮನ್ನು ಕಾಪಾಡೋಕೆ ಅಂತಲೇ ನನಗನ್ನಿಸುತ್ತದೆ.

ನನಗೆ ಸಿಟ್ಟು ಬಂದಿದ್ದು ಟೋಕಿಯೊದಲ್ಲಿರುವ ನಿಮ್ಮ ಗೆಳತಿಯ ಮೇಲೆ. "ಅಲರ್ಜಿ ಅಂದ್ಬಿಡು, ಯಾರೂ ಏನೂ ಕೇಳಲ್ಲ" ಅಂತ ಹೇಳಿಕೊಟ್ಟವಳು ಅವಳೇ ಅಲ್ವಾ? ಹೌದು, ಯಾರೂ ಏನೂ ಕೇಳಲಿಲ್ಲ. ನಿಮ್ಮ ಮನೆಯಲ್ಲಿ ಏನು ಅಡುಗೆ ಮಾಡ್ತಾರೆ, ಹಬ್ಬಕ್ಕೆ ಏನು ತಿಂತೀರಿ, ಯಾಕೆ ಮೀನು ತಿನ್ನಲ್ಲ, ಯಾವುದನ್ನೂ ಕೇಳಲಿಲ್ಲ. ಮಾತು ಶುರುವಾಗಬೇಕಿದ್ದ ಜಾಗಕ್ಕೇ ಅವಳು ಬೀಗ ಹಾಕಿಸಿದಳು. ಊಟದ ವಿಷಯದಲ್ಲಿ ಸುಳ್ಳು ಹೇಳಬೇಡಿ ಅಂತ ಅತ್ತೆ ಮನೆಗೆ ಹೋದವರಿಗೂ ಹಾಸ್ಟೆಲ್ ಸೇರಿದವರಿಗೂ ಇಲ್ಲಿ ಬರೆದಿದ್ದೇನೆ. ನಿಮಗೂ ಅದನ್ನೇ ಹೇಳ್ತೀನಿ.

ಜಪಾನಿನಲ್ಲಿ ಶಾಲೆಯ ಊಟ, ಕ್ಯೂಶೊಕು, ಪಾಠದ ಭಾಗವೇ. 1954ರಿಂದ ಅದಕ್ಕೆ ಕಾನೂನೇ ಇದೆ. ಬಿಳಿ ಟೋಪಿ ಹಾಕಿಕೊಂಡು ಮಕ್ಕಳೇ ಬಡಿಸುತ್ತಾರೆ, ಟೀಚರ್ ಅವರ ಜೊತೆಯಲ್ಲೇ ಕೂತು ಉಣ್ಣುತ್ತಾರೆ. ಇಂಗ್ಲಿಷ್ ಪಿರಿಯಡ್ಡಿನಲ್ಲಿ ಬಾಯಿ ಬಿಡದ ಹುಡುಗ ಅಲ್ಲಿ ಮಾತಾಡ್ತಾನೆ. ಡಿಸೆಂಬರಿನವರೆಗೆ ನಿಮ್ಮ ಜೊತೆ ಮಾತಾಡಿದ್ದ ಅಂತ ನೀವೇ ಬರೆದಿದ್ದೀರಿ. ನೀವು ಕಳೆದುಕೊಂಡಿದ್ದು ಅದನ್ನು.

ಆಡಿಯೊ ವಿಷಯಕ್ಕೆ ಅಷ್ಟು ಕೊರಗಬೇಡಿ. 2020ರಿಂದ ಐದು ಮತ್ತು ಆರನೇ ತರಗತಿಗೆ ಇಂಗ್ಲಿಷ್ ಅಂಕ ಕೊಡುವ ವಿಷಯವಾಗಿದೆ. ಹಲವು ಕಡೆ ಅದನ್ನು ಕಲಿಸೋದು ಎಲ್ಲ ವಿಷಯ ಕಲಿಸುವ ಕ್ಲಾಸ್ ಟೀಚರೇ. ಇಂಗ್ಲಿಷ್ ಅಂದರೆ ಅವರಿಗೂ ಅಳುಕು ಇರುತ್ತದೆ, ಅದಕ್ಕೇ ಆಡಿಯೊ ಹಾಕ್ತಿರಬಹುದು. ಬಸ್ಸಿನ ಸೀಟು ಮಾತ್ರ ಬೇರೆ ಮಾತು. ಅದು ನೋಯುತ್ತದೆ. ನೋಯಬಾರದು ಅಂತ ನಾನು ಹೇಳಲ್ಲ, ಅದಕ್ಕೆ ನನ್ನ ಹತ್ತಿರ ಔಷಧವೂ ಇಲ್ಲ.

ಅಮ್ಮನಿಗೆ ಮಾರ್ಚ್ ಕಳೆಯಲಿ ಅನ್ನಿ. ಮಂಡಳಿಯ ಫಾರ್ಮನ್ನು ಈ ವಾರ ಮುಟ್ಟಬೇಡಿ, ಗಡುವು ಹತ್ತಿರ ಇದ್ದರೆ ಎರಡು ದಿನ ಕೇಳಿ. ಹುಳುಕು ಹಲ್ಲಿನ ನೋವಿಗೆ ಊರು ಬಿಡೋದು ಬೇಡ.

ನಾಳೆ ಬೆಳಿಗ್ಗೆ ಒಂದೇ ಕೆಲಸ. ಕ್ಯೋತೋ ಸೆನ್ಸೇ ಮೇಜಿನ ಹತ್ತಿರ ಹೋಗಿ ಮೊದಲು ಕ್ಷಮೆ ಕೇಳಿ. ಆಮೇಲೆ ಹೇಳಿ: "ಅರೆರುಗೀ ದೆವ ಅರಿಮಾಸೆನ್. ನಿಕು ತೊ ಸಕಾನ ತೊ ತಮಾಗೊ ಒ ತಾಬೆನಾಯ್ ಇಎ ದೆ ಸೊದಾಚಿಮಾಶಿತಾ." ಅಲರ್ಜಿ ಅಲ್ಲ, ಮಾಂಸ, ಮೀನು, ಮೊಟ್ಟೆ ತಿನ್ನದ ಮನೆಯಲ್ಲಿ ಬೆಳೆದೆ ಅಂತ. ಅವರ ಮುಖ ಸ್ವಲ್ಪ ಹೊತ್ತು ಬಿಗಿಯಾಗಬಹುದು. ಆಗಲಿ, ಎರಡು ತಿಂಗಳು ಹೆದರಿದ್ದಾರೆ. ಅವರು ಸುಧಾರಿಸಿಕೊಂಡ ಮೇಲೆ, ಮಕ್ಕಳ ಜೊತೆ ಊಟಕ್ಕೆ ಕೂರಬಹುದಾ ಅಂತ ಕೇಳಿ.

ಡಬ್ಬಿಗೆ ಚಿತ್ರಾನ್ನ ಹಾಕಿಕೊಂಡು ಹೋಗಿ, ಹಳದಿ ಬಣ್ಣ ನೋಡಿ ಮಕ್ಕಳು ತಾವೇ ಪ್ರಶ್ನೆ ಕೇಳ್ತಾರೆ. ತೋರಿಸಿ, ಆದರೆ ಯಾರಿಗೂ ಕೊಡಬೇಡಿ. ಮತ್ತೆ ಒಗ್ಗರಣೆಗೆ ಕಡಲೆಬೀಜ ಬೇಡ. ಆ ಕ್ಲಾಸಿನಲ್ಲಿ ನಿಜವಾಗಿಯೂ ಅಲರ್ಜಿ ಇರುವ ಮಗು ಇರಬಹುದು.