ಔಷಧಿ ನಿಲ್ಲಿಸಿದೊಡನೆ ಗಿನಿಪಿಗ್‌ಗೆ ಮತ್ತೆ ಸೀನು ಬರುತ್ತಿದ್ದರೆ

ಎರಡು ಸಲ ಎನ್ರೋಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್‌ನ ಕೋರ್ಸ್ ಮುಗಿಸಿದರೂ ವಾರದೊಳಗೆ ಮತ್ತೆ ಸೀನು, ಮುಂಗಾಲಲ್ಲಿ ಮೂಗು ಒರೆಸಿಕೊಂಡು ರೋಮವೆಲ್ಲ ಅಂಟು ಅಂದಿರಲ್ಲ, ಓದಿ ಸಂಕಟವಾಯಿತು. ಮೂರನೇ ಸಲ ಅದನ್ನೇ ಶುರು ಮಾಡುವ ಮೊದಲು ಮೂಗಿನ ಸ್ರಾವದ ಕಲ್ಚರ್ (ಅದರಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಮತ್ತು ಎದೆಯ ಎಕ್ಸ್‌ರೇ ಮಾಡಿಸಲು ವೈದ್ಯರನ್ನು ಕೇಳಿ. ಯಾವ ಬ್ಯಾಕ್ಟೀರಿಯಾ ಯಾವ ಔಷಧಿಗೆ ಬಗ್ಗುತ್ತದೆಂದು ತಿಳಿಯದೆ ಕೊಡುವುದು ಕತ್ತಲಲ್ಲಿ ಕಲ್ಲೆಸೆದಂತೆ. ಹಲ್ಲಿನ ಬೇರಿನ ತೊಂದರೆ, ಹೃದಯದ ಕಾಯಿಲೆಯೂ ಹೀಗೇ ಕಾಣಿಸಬಹುದು.

ಮನೆಯಲ್ಲಿ ಉಳಿದಿರುವ ಇನ್ನೊಂದು ಆ್ಯಂಟಿಬಯಾಟಿಕ್, ಅಮಾಕ್ಸಿಸಿಲಿನ್ ಕೊಡಲೇ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ! ಅದರಿಂದ ಗಿನಿಪಿಗ್‌ನ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ನಾಶವಾಗಿ ಜೀವಕ್ಕೇ ಕುತ್ತು.

ಮೊಲ ಅದೇ ಗೂಡಿನಲ್ಲಿದ್ದರೆ ಬೇರೆ ಮಾಡಿ. ಅದು ಆರೋಗ್ಯವಾಗಿ ಕಂಡರೂ ಗಿನಿಪಿಗ್‌ಗೆ ಉಸಿರಾಟದ ಸೋಂಕು ತರುವ ಬಾರ್ಡೆಟೆಲ್ಲಾ ಬ್ಯಾಕ್ಟೀರಿಯಾ ಹೊತ್ತಿರಬಹುದು.

ದಿನವೂ ತೂಕ ನೋಡಿ. ತಿನ್ನದಿದ್ದರೆ ಹುಲ್ಲಿನ ಪುಡಿ ಕಲಸಿ ಸಿರಿಂಜ್‌ನಲ್ಲಿ, ಬಾಯಿಯ ಪಕ್ಕದಿಂದ ಚೂರುಚೂರೇ ಕೊಡಿ. ಜಗಿದು ನುಂಗುವವರೆಗೆ ಕಾಯಿರಿ, ಅವಸರಪಟ್ಟರೆ ಶ್ವಾಸಕೋಶಕ್ಕೆ ಇಳಿದೀತು. ವಿಟಮಿನ್ ಸಿ ನೀರಿಗೆ ಬೆರೆಸಿದರೆ ಸತ್ವ ಹೋಗುತ್ತದೆ, ನೇರವಾಗಿ ಬಾಯಿಗೇ ಕೊಡಿ. ಕಾಯಿಲೆಯಿದ್ದಾಗ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 30 ಮಿಲಿಗ್ರಾಂ.

ಬಾಯಿ ತೆರೆದು ಉಸಿರಾಡಿದರೆ, ಪಕ್ಕೆ ಎಳೆಯುತ್ತಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಆ ಕ್ಷಣವೇ ಹೊರಡಿ.