ಗಾಳಿ, ಮುಚ್ಚಳ, ತಕ್ಕಡಿ: ಚಾರಣದ ಒಲೆಯ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಗದಗ ಸೀಮೆಯ ಕಪ್ಪತಗುಡ್ಡದ ಬುಡದಲ್ಲಿರುವ ಪರಿಚಿತರ ಹೊಲದಲ್ಲಿ ಬೆಳಗಿನ ಚಹಾ ಮಾಡಲು ಹೋಗಿ ನಾವು ನಾಲ್ವರು ಅರ್ಧ ಗಂಟೆ ಕಾದೆವು. ಡಬ್ಬಿಯ ತಲೆಗೇ ತಿರುಗಿಸಿ ಕೂಡಿಸುವ ಪುಟ್ಟ ಒಲೆ, 230 ಗ್ರಾಂ ಗ್ಯಾಸಿನ ಡಬ್ಬಿ ಮತ್ತು ಮನೆಯ ಸ್ಟೀಲ್ ಬೋಗುಣಿ ನಮ್ಮ ಸರಂಜಾಮು. ಟೈಟೇನಿಯಂ ಪಾತ್ರೆ ಕೊಂಡರೆ ಈ ತೊಂದರೆ ತಪ್ಪುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಕೊಳ್ಳಬೇಕೇ? ಮೊದಲು ಮನೆಯಲ್ಲೇ ಪರೀಕ್ಷಿಸಿ ನೋಡುವ ದಾರಿ ಇದೆಯೇ?
— ಓದುಗರು, ಸಪ್ತಾಪುರ, ಧಾರವಾಡ

ಉತ್ತರ: ಟೈಟೇನಿಯಂ ಪಾತ್ರೆ ನಿಮ್ಮ ಹೆಗಲಿನ ಭಾರವನ್ನು ಇಳಿಸೀತು, ಆದರೆ ಚಹಾವನ್ನು ಬೇಗ ಕುದಿಸಲಾರದು. ಲೆಕ್ಕ ಹಾಕಿ ನೋಡೋಣ. ಅರ್ಧ ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು ಸುಮಾರು 150 ಕಿಲೋಜೂಲ್ ಉಷ್ಣ ಬೇಕು. ಅದೇ ನೀರಿನ ಜೊತೆಗೆ ಬಿಸಿಯಾಗುವ 200 ಗ್ರಾಂ ತೂಕದ ಸ್ಟೀಲ್ ಬೋಗುಣಿ ನುಂಗುವುದು ಏಳು ಕಿಲೋಜೂಲಿನಷ್ಟು ಮಾತ್ರ, ಅಂದರೆ ಇಪ್ಪತ್ತರಲ್ಲಿ ಒಂದು ಪಾಲು. ಆದ್ದರಿಂದ ಪಾತ್ರೆಯ ಲೋಹ ಯಾವುದಾದರೂ ಗ್ಯಾಸಿನ ಖರ್ಚಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗುವುದಿಲ್ಲ. ತಳದ ಅಗಲ ಮಾತ್ರ ವ್ಯತ್ಯಾಸ ಮಾಡುತ್ತದೆ. ಲೋಟದಂತೆ ಎತ್ತರವಾದ, ಕಿರಿದಾದ ಪಾತ್ರೆಯಲ್ಲಿ ಜ್ವಾಲೆ ತಳವನ್ನು ದಾಟಿ ಪಕ್ಕಕ್ಕೆ ಏರಿ ಆಕಾಶವನ್ನು ಕಾಯಿಸುತ್ತದೆ. ಅಗಲ ತಳದ ಬೋಗುಣಿಯಾದರೆ ಅದೇ ಜ್ವಾಲೆ ನೀರಿನ ಕೆಳಗೇ ಉಳಿಯುತ್ತದೆ. ಇನ್ನೊಂದು ಮಾತನ್ನೂ ಹೇಳಬೇಕು. ಟೈಟೇನಿಯಂ ಉಷ್ಣವನ್ನು ತಳದ ತುಂಬ ಹರಡುವುದಿಲ್ಲವಾದ್ದರಿಂದ ನೀರು ಕಾಯಿಸುವುದಕ್ಕೆ ಅದು ಚೆನ್ನ, ಉಪ್ಪಿಟ್ಟು ಮಾಡಹೋದರೆ ಜ್ವಾಲೆಯ ಮೇಲಿನ ಒಂದೇ ಕಡೆ ತಳ ಹಿಡಿಯುತ್ತದೆ. ನಮ್ಮ ಕಡೆ ಜರ್ಮನ್ ಪಾತ್ರೆ ಎಂದು ಕರೆಯುವ ಅಲ್ಯೂಮಿನಿಯಂ ಇದಕ್ಕೆ ತೀರ ವಿರುದ್ಧ. ಅದು ಸ್ಟೀಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಉಷ್ಣವನ್ನು ಹರಡುತ್ತದೆ, ಅದರ ಸಾಂದ್ರತೆ ಸ್ಟೀಲಿನ ಮೂರನೇ ಒಂದು ಪಾಲು, ಬೆಲೆಯೂ ಕಡಿಮೆ.

ಹಾಗಾದರೆ ಅರ್ಧ ಗಂಟೆಯ ಉಷ್ಣ ಎಲ್ಲಿ ಹೋಯಿತು? ಗಾಳಿಗೆ ಹೋಯಿತು. ಗದಗ ಸೀಮೆಯ ಗುಡ್ಡಗಳ ಮೇಲೆ ಸಾಲಾಗಿ ಗಾಳಿಯಂತ್ರಗಳನ್ನು ನಿಲ್ಲಿಸಿದವರು ಸುಮ್ಮನೆ ನಿಲ್ಲಿಸಿಲ್ಲ.

ಪರೀಕ್ಷೆಗೆ ಬೇಕಾದದ್ದು ಅಡುಗೆಮನೆಯ ಡಿಜಿಟಲ್ ತಕ್ಕಡಿ, ಗಡಿಯಾರ ಮತ್ತು ತಾಳ್ಮೆ. ಹಿಂದಿನ ರಾತ್ರಿಯೇ ಒಂದು ಕೊಡ ನೀರು ತುಂಬಿಡಿ, ಆಗ ಪ್ರತಿ ಸಲವೂ ನೀರು ಒಂದೇ ಬಿಸಿಯಲ್ಲಿರುತ್ತದೆ. ಕಿಟಕಿ ಬಾಗಿಲು ತೆರೆದ ಜಾಗದಲ್ಲಿ, ಒಲೆ ಕೂಡಿಸಿದ ಡಬ್ಬಿಯನ್ನು ತೂಗಿ ಬರೆದುಕೊಂಡು, ಸರಿಯಾಗಿ 500 ಗ್ರಾಂ ನೀರಿಟ್ಟು ಹಚ್ಚಿ, ದಪ್ಪ ಗುಳ್ಳೆಗಳು ಎದ್ದು ನೀರು ಕೊತಕೊತ ಕುದಿದ ಕ್ಷಣ ಆರಿಸಿ, ಒಲೆ ತಣಿದ ಮೇಲೆ ಮತ್ತೆ ತೂಗಿ ನೋಡಿ. ಮೊದಲಿನ ತೂಕದಿಂದ ಇದನ್ನು ಕಳೆದರೆ ಖರ್ಚಾದ ಗ್ಯಾಸು ಎಷ್ಟೆಂದು ತಿಳಿಯುತ್ತದೆ. ಧಾರವಾಡದ ಎತ್ತರದಲ್ಲಿ ನೀರು 100 ಡಿಗ್ರಿಗೆ ಮುನ್ನವೇ, ಸುಮಾರು 97.5 ಡಿಗ್ರಿಯಲ್ಲಿ ಕುದಿಯುತ್ತದೆ. ಆದ್ದರಿಂದ ಥರ್ಮಾಮೀಟರ್ ಇಟ್ಟವರು 100ಕ್ಕಾಗಿ ಕಾಯುತ್ತ ಗ್ಯಾಸು ಸುಡಬೇಡಿ. ಡಬ್ಬಿಯೊಳಗಿನ ಗ್ಯಾಸಾದ ಬ್ಯೂಟೇನಿನ ಉಷ್ಣವೆಲ್ಲ ನೀರಿಗೇ ಸೇರಿದ್ದರೆ ಈ ಕೆಲಸಕ್ಕೆ ಮೂರೂಕಾಲು ಗ್ರಾಂ ಸಾಕಾಗುತ್ತಿತ್ತು. ಅಂಥ ಒಲೆ ಯಾರಲ್ಲೂ ಇಲ್ಲ. ಆರೇಳು ಗ್ರಾಮಿನಲ್ಲಿ ಮುಗಿದರೆ ನಿಮ್ಮ ಒಲೆ ಒಳ್ಳೆಯದೇ ಎಂದು ತಿಳಿಯಿರಿ.

ಇದೇ ಪರೀಕ್ಷೆಯನ್ನು ಮುಚ್ಚಳ ಹಾಕಿ ಒಮ್ಮೆ, ಹಾಕದೆ ಒಮ್ಮೆ, ಜ್ವಾಲೆ ಪೂರ್ತಿ ಏರಿಸಿ ಒಮ್ಮೆ, ಅರ್ಧಕ್ಕೆ ಇಳಿಸಿ ಒಮ್ಮೆ ಮಾಡಿ, ಆದರೆ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ತೆರೆದ ಪಾತ್ರೆಯಿಂದ ಇಪ್ಪತ್ತು ಗ್ರಾಂ ನೀರು ಆವಿಯಾಗಿ ಹೋದರೆ ಅದರೊಡನೆ 45 ಕಿಲೋಜೂಲ್ ಹೋದಂತೆ, ಅಂದರೆ ಅರ್ಧ ಲೀಟರ್ ಕುದಿಸಲು ಬೇಕಾದ ಉಷ್ಣದ ಹೆಚ್ಚುಕಡಿಮೆ ಮೂರನೇ ಒಂದು ಪಾಲು. ಪೂರ್ತಿ ಜ್ವಾಲೆಯಲ್ಲಿ ಸಮಯ ಉಳಿದರೂ ಗ್ಯಾಸು ಹೆಚ್ಚು ಹೋಗುತ್ತದೆ. ಕೊನೆಗೆ ನಾಲ್ಕು ಮಾರು ದೂರದಲ್ಲಿ ಟೇಬಲ್ ಫ್ಯಾನ್ ಇಟ್ಟು ಸಣ್ಣಗೆ ಹಚ್ಚಿ ನೋಡಿ. ನಮ್ಮ ಮನೆಯ ಪಡಸಾಲೆಯಲ್ಲಿ ಹೀಗೆ ಮಾಡಿದಾಗ ನೀಲಿ ಜ್ವಾಲೆ ಬೋಗುಣಿಯ ಒಂದು ಮಗ್ಗುಲಿಗೆ ಬಾಲದಂತೆ ಒರಗಿತು, ತಳದ ಇನ್ನೊಂದು ಅರ್ಧದಲ್ಲಿ ಗುಳ್ಳೆಯೇ ಕಾಣಲಿಲ್ಲ, ತೂಗಿದಾಗ ಗ್ಯಾಸು ಎರಡು ಪಟ್ಟಿಗಿಂತ ಹೆಚ್ಚು ಖರ್ಚಾಗಿತ್ತು. ಫ್ಯಾನಿನ ಪರೀಕ್ಷೆಯಲ್ಲಿ ಜ್ವಾಲೆ ಆರಿಹೋಗಬಹುದು, ಆರಿದೊಡನೆ ಗ್ಯಾಸು ನಿಲ್ಲಿಸಲು ಕೈ ಗುಬುಟಿನ ಹತ್ತಿರವೇ ಇರಲಿ.

ಇದರ ಜೊತೆಗೆ ಒಂದು ಎಚ್ಚರಿಕೆ. 2019ರಿಂದ ಕಪ್ಪತಗುಡ್ಡ ವನ್ಯಜೀವಿಧಾಮ. ಹೊಲದ ಬದು ದಾಟಿ ಒಳಗೆ ಹೋದ ಮೇಲೆ ಒಲೆಯನ್ನು ಚೀಲದಿಂದ ಹೊರಗೆ ತೆಗೆಯಲೇಬೇಡಿ. ಬೇಸಿಗೆಯಲ್ಲಿ ಅಲ್ಲಿನ ಒಣ ಹುಲ್ಲಿಗೆ ಒಂದು ಕಿಡಿ ಸಾಕು. ನಾನಂತೂ ಗುಡ್ಡ ಹತ್ತುವಾಗ ಫ್ಲಾಸ್ಕಿನಲ್ಲೇ ಚಹಾ ಒಯ್ಯುತ್ತೇನೆ.

ಪ್ರಶ್ನೆ: ಎಣ್ಣೆ ಡಬ್ಬಿಯ ತಗಡನ್ನು ಕತ್ತರಿಸಿ ಒಲೆಯ ಸುತ್ತ ಪೂರ್ತಿ ಗೋಡೆ ಮಾಡಿದ್ದೇನೆ. ನೀರು ಬಹಳ ಬೇಗ ಕುದಿಯುತ್ತದೆ, ಆದರೆ ಗ್ಯಾಸಿನ ಡಬ್ಬಿ ಬಿಸಿಯಾದಂತೆ ಅನ್ನಿಸುತ್ತದೆ. ಇದರಿಂದ ಅಪಾಯವಿದೆಯೇ?
— ಓದುಗರು, ಹಾವೇರಿ

ಉತ್ತರ: ಇದೆ. ಆ ಗೋಡೆಯನ್ನು ಈ ರೂಪದಲ್ಲಿ ಇನ್ನೊಮ್ಮೆ ಬಳಸಬೇಡಿ. ನೆಟ್ಟಗೆ ಉರಿಯುತ್ತಿರುವ ಒಲೆಯ ಕೆಳಗಿನ ಡಬ್ಬಿ ಬಿಸಿಯಾಗಬಾರದು, ತಣ್ಣಗಾಗಬೇಕು. ಒಳಗಿನ ದ್ರವ ಆವಿಯಾಗುವಾಗ ಡಬ್ಬಿಯ ಉಷ್ಣವನ್ನೇ ಹೀರಿಕೊಳ್ಳುವುದರಿಂದ ಅದರ ಹೊರಮೈ ಬೆವರುವುದನ್ನು ನೀವೂ ನೋಡಿರಬಹುದು. ಬೆವರುವ ಬದಲು ಅದು ಬೆಚ್ಚಗಾಗುತ್ತಿದೆ ಎಂದರೆ, ಮೇಲಿನ ಜ್ವಾಲೆಯ ಉಷ್ಣ ಗೋಡೆಗೆ ಬಡಿದು ಕೆಳಗಿಳಿಯುತ್ತಿದೆ ಎಂದರ್ಥ. ಇಂಥ ಡಬ್ಬಿಗಳನ್ನು 50 ಡಿಗ್ರಿಗಿಂತ ಹೆಚ್ಚು ಕಾಯಿಸಬಾರದೆಂದು ಅವುಗಳ ಮೇಲೆಯೇ ಅಚ್ಚು ಹಾಕಿರುತ್ತಾರೆ. ತಗಡನ್ನು ಎಸೆಯಬೇಕಾಗಿಲ್ಲ. ಗಾಳಿ ಬರುವ ಕಡೆಗೆ ಮಾತ್ರ, ಒಲೆಯಿಂದ ಗೇಣು ದೂರದಲ್ಲಿ, ಅರ್ಧಚಂದ್ರಾಕಾರದಲ್ಲಿ ನಿಲ್ಲಿಸಿ, ನಿಮ್ಮ ಕಡೆಯ ಬಾಯಿ ಪೂರ್ತಿ ತೆರೆದಿರಲಿ. ಎರಡು ನಿಮಿಷಕ್ಕೊಮ್ಮೆ ಡಬ್ಬಿಯ ಬದಿಗೆ ಬೆರಳು ತಾಗಿಸಿ ನೋಡಿ, ಬೆಚ್ಚಗಿದ್ದರೆ ಆರಿಸಿಬಿಡಿ. ಸುತ್ತಲೂ ಗೋಡೆ ಬೇಕೇ ಬೇಕು ಎನ್ನುವವರು ಡಬ್ಬಿ ದೂರ ಉಳಿದು ಕೊಳವೆಯಿಂದ ಗ್ಯಾಸು ಬರುವ ಒಲೆಯನ್ನು ಕೊಳ್ಳಬೇಕು. ಅದು ನೂರು ಗ್ರಾಮಿನಷ್ಟು ಭಾರ ಹೆಚ್ಚಿದ್ದರೂ ಗಾಳಿಯ ಬಯಲಿಗೆ ಅದೇ ಸರಿ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ದುರ್ಗದ ಬೈಲಿನ ಪೇಟೆಯಲ್ಲಿ ಕೊಂಡ ಒಂದು ಲೀಟರಿನ ಅಲ್ಯೂಮಿನಿಯಂ ಪಾತ್ರೆಯನ್ನು ಚಾರಣಕ್ಕೆ ತಕ್ಕಂತೆ ಹಗುರ ಮಾಡಬೇಕೆಂದಿದ್ದೇನೆ. ಹಿಡಿಕೆಯ ರಿವೆಟ್ ಕಿತ್ತರೆ ಹೇಗೆ? ಬೇರೆ ಏನು ಮಾರ್ಪಾಡು ಮಾಡಬಹುದು?
— ಓದುಗರು, ಹುಬ್ಬಳ್ಳಿ

ಉತ್ತರ: ರಿವೆಟ್ ಕಿತ್ತಲ್ಲಿ ತೂತು ಉಳಿಯುತ್ತದೆ, ಅದನ್ನು ಮುಚ್ಚಲು ಹಾಕುವ ಅಂಟು ಜ್ವಾಲೆಗೆ ನಿಲ್ಲುವುದಿಲ್ಲ. ಹಿಡಿಕೆಯೇ ಇಲ್ಲದ ಬೋಗುಣಿ ಅದೇ ಅಂಗಡಿಯಲ್ಲಿ ಸಿಗುತ್ತದೆ, ಒಂದು ಸಣ್ಣ ಇಕ್ಕಳ ಜೊತೆಗಿಟ್ಟುಕೊಂಡರೆ ಆಯಿತು. ಒಲೆಯ ಕಾಲುಗಳ ಮೇಲೆ ನುಣುಪಾದ ತಳ ಜಾರುತ್ತದೆ. ಕೊಳ್ಳುವಾಗ ಒಲೆಯನ್ನೇ ಅಂಗಡಿಗೆ ಒಯ್ದು, ಪಾತ್ರೆಯನ್ನು ಅದರ ಮೇಲಿಟ್ಟು ಅಲುಗಾಡಿಸಿ ನೋಡಲು ಸಂಕೋಚಪಡಬೇಡಿ. ಭಾರದ ಮುಚ್ಚಳದ ಬದಲು ತೆಳು ತಗಡನ್ನು ದುಂಡಗೆ ಕತ್ತರಿಸಿ, ಅಂಚನ್ನು ಮಡಿಸಿ ಬಡಿದುಕೊಳ್ಳಿ.

ಇವೆಲ್ಲಕ್ಕಿಂತ ಹೆಚ್ಚು ಗ್ಯಾಸು ಉಳಿಸಿದ ಮಾರ್ಪಾಡು ನಮ್ಮ ಮನೆಯ ಹಳೆಯ ಕೌದಿಯಿಂದ ಬಂತು. ಹರಿದ ಕೌದಿಯ ಗಟ್ಟಿ ಉಳಿದ ಭಾಗದಿಂದ ಪಾತ್ರೆಯ ತಳಕ್ಕೆ ಒಂದು ಬಿಲ್ಲೆ, ಸುತ್ತಲಿಗೆ ಒಂದು ಪಟ್ಟಿ, ಮೇಲಕ್ಕೆ ಒಂದು ಟೊಪ್ಪಿಗೆ ಕತ್ತರಿಸಿ ಹೊಲಿದುಕೊಂಡೆ. ಹೆಸರುಬೇಳೆ, ಅಕ್ಕಿಯನ್ನು ಒಂದು ಗಂಟೆ ನೆನೆಹಾಕಿ, ಏಳೆಂಟು ನಿಮಿಷ ಕುದಿಸಿ, ಒಲೆಯಿಂದ ಪೂರ್ತಿ ಕೆಳಗಿಳಿಸಿದ ಮೇಲೆ ಈ ಚೀಲದೊಳಗೆ ಕೂಡಿಸಿದರೆ ಉಳಿದ ಬೇಯುವಿಕೆ ಅರ್ಧ ಗಂಟೆಯಲ್ಲಿ ಅಲ್ಲೇ ಮುಗಿಯುತ್ತದೆ. ಶಾವಿಗೆಗೆ ಇನ್ನೂ ಕಡಿಮೆ ಹೊತ್ತು ಸಾಕು. ಜ್ವಾಲೆಯ ಹತ್ತಿರ ಮಾತ್ರ ಅದನ್ನು ತರಬೇಡಿ, ಅದು ಹತ್ತಿಯ ಬಟ್ಟೆ. ಬರ್ನರಿನ ತೂತು ಅಗಲಿಸುವುದು, ಗುಬುಟು ಬಿಚ್ಚುವುದು, ವಾಷರ್ ತೆಗೆದು ಬೇರೆ ಹಾಕುವುದು ಇವು ಯಾವುವೂ ಮಾರ್ಪಾಡಲ್ಲ. ಒತ್ತಡದ ಗ್ಯಾಸು ಹರಿಯುವ ಕಡೆ ಕೈ ಹಾಕದೆ, ಗ್ಯಾಸು ಸೋರುತ್ತಿದೆಯೇ ಎಂದು ತಿಳಿಯಲು ಸಾಬೂನು ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡಿದರೆ ಸಾಕು.

ಪ್ರಶ್ನೆ: ಖಾಲಿ ಡಬ್ಬಿಗೆ ಮನೆಯ ಸಿಲಿಂಡರಿನಿಂದ ಗ್ಯಾಸು ತುಂಬಿಸಿಕೊಳ್ಳುವ ಅಡಾಪ್ಟರ್ ಬಂದಿದೆ. ಬಳಸಬಹುದೇ?
— ಓದುಗರು, ಗದಗ

ಉತ್ತರ: ಬೇಡ. ಮನೆಯ ಸಿಲಿಂಡರಿನಲ್ಲಿ ಬ್ಯೂಟೇನ್ ಜೊತೆ ಪ್ರೊಪೇನ್ ಕೂಡ ಇರುವುದರಿಂದ ಅದರ ಒತ್ತಡ ಬರೀ ಬ್ಯೂಟೇನಿಗಿಂತ ಬಹಳ ಹೆಚ್ಚು, ಒಂದೇ ಸಲದ ಬಳಕೆಗೆ ಮಾಡಿದ ತೆಳು ತಗಡು ಅದಕ್ಕಾಗಿ ಇರುವುದಲ್ಲ. ತುಂಬಿಸುವಾಗ ಎಷ್ಟು ತುಂಬಿತೆಂದು ಕಣ್ಣಿಗೆ ಕಾಣುವುದಿಲ್ಲ. ಮೇಲೆ ಖಾಲಿ ಜಾಗ ಬಿಡದೆ ದ್ರವ ತುಂಬಿಕೊಂಡ ಡಬ್ಬಿ ಬಿಸಿಲಿಗೆ ಹಿಗ್ಗಿದರೆ ಸಿಡಿಯುತ್ತದೆ. ಹೀಗೆ ತುಂಬಿಸುವುದು ಕಾನೂನಿಗೂ ವಿರುದ್ಧ.

ಪ್ರಶ್ನೆ: ಹುಬ್ಬಳ್ಳಿಯಿಂದ ರೈಲಿನಲ್ಲಿ ಹೊರಟು ಹಿಮಾಲಯದ ಚಾರಣಕ್ಕೆ ಹೋಗುವವರಿದ್ದೇವೆ. ಇಲ್ಲಿಂದಲೇ ಗ್ಯಾಸಿನ ಡಬ್ಬಿ ಒಯ್ಯಬಹುದೇ?
— ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ರೈಲಿನಲ್ಲೂ ವಿಮಾನದಲ್ಲೂ ನಿಷಿದ್ಧ. ಒಲೆ, ಪಾತ್ರೆ ಮಾತ್ರ ಒಯ್ದು ಡಬ್ಬಿಯನ್ನು ಚಾರಣ ಶುರುವಾಗುವ ಊರಿನಲ್ಲಿ ಕೊಳ್ಳಿ. ಕೊಳ್ಳುವಾಗ ಮೇಲಿನ ಬರಹ ಓದಿ. ಬರೀ ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ, ಐಸೋಬ್ಯೂಟೇನ್ ಸುಮಾರು ಮೈನಸ್ 12ರವರೆಗೆ, ಪ್ರೊಪೇನ್ ಮೈನಸ್ 42ರವರೆಗೆ ಆವಿಯಾಗುತ್ತದೆ. ಆದ್ದರಿಂದ ಐಸೋಬ್ಯೂಟೇನ್, ಪ್ರೊಪೇನ್ ಎರಡರ ಮಿಶ್ರಣವಿರುವ ಡಬ್ಬಿಯನ್ನೇ ಕೇಳಿ. ಚಳಿ ಎಂದು ಡೇರೆಯೊಳಗೆ ಮಾತ್ರ ಒಲೆ ಹಚ್ಚಬೇಡಿ, ಉರಿಯುವ ಒಲೆಯಿಂದ ಬರುವ ವಿಷಾನಿಲವಾದ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇರುವುದಿಲ್ಲ.