ನರ್ಸ್‌ಗಳ ಕೆಲಸದ ಒತ್ತಡ ಕಡಿಮೆಯಾಗಲು ಆಸ್ಪತ್ರೆಗಳು ಏನು ಮಾಡಬೇಕು?

ಮೊದಲು ಒಬ್ಬ ನರ್ಸ್ ನೋಡಿಕೊಳ್ಳುವ ರೋಗಿಗಳ ಸಂಖ್ಯೆ ಇಳಿಯಬೇಕು. ಧ್ಯಾನದ ತರಗತಿ, ನರ್ಸ್ ದಿನದ ಕೇಕು ಎಲ್ಲ ಆಮೇಲೆ.

ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳ ಬಗ್ಗೆ 2002ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ನರ್ಸ್ ಪಾಲಿಗೆ ಒಬ್ಬ ರೋಗಿ ಜಾಸ್ತಿಯಾದರೂ ಸಾಕು, ಆಪರೇಷನ್ ಆದವರು ಆಸ್ಪತ್ರೆಗೆ ಸೇರಿದ 30 ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಹೆಚ್ಚಿತ್ತು. ನರ್ಸ್ ದಣಿದು ಬೇಸತ್ತು ಹೋಗುವ ಸಂಭವ ಶೇ 23ರಷ್ಟು ಹೆಚ್ಚಿತ್ತು. ಅಂದರೆ ಇದು ಬರೀ ನರ್ಸ್‌ಗಳ ಕಷ್ಟ ಅಲ್ಲ, ಅಲ್ವಾ? ಕ್ಯಾಲಿಫೋರ್ನಿಯಾ 2004ರಿಂದ ಇದಕ್ಕೆ ಕಾನೂನಿನ ಮಿತಿ ಹಾಕಿದೆ. ಅಲ್ಲಿ ಐಸಿಯುನಲ್ಲಿ ಒಬ್ಬ ನರ್ಸ್‌ಗೆ 2 ರೋಗಿಗಳಿಗಿಂತ ಹೆಚ್ಚು ಕೊಡುವಂತಿಲ್ಲ.

ಎರಡನೆಯದು ಬಿಡುವು. ಊಟಕ್ಕೆ ಅರ್ಧ ಗಂಟೆ ಅಂತ ಕಾಗದದಲ್ಲಿ ಇರುತ್ತದೆ. ಆದರೆ ತುತ್ತು ಬಾಯಿಗಿಡುವಾಗಲೇ ಡ್ರಿಪ್ ಪಂಪು ಕೂಗುತ್ತದೆ, ಇನ್ನೊಂದು ಬೆಡ್ಡಿನ ಬೆಲ್ ಹೊಡೆಯುತ್ತದೆ. ಆ ಅರ್ಧ ಗಂಟೆ ಅವರ ರೋಗಿಗಳನ್ನು ನೋಡಲು ಬೇರೊಬ್ಬರನ್ನು ಹೆಸರು ಹಿಡಿದು ನೇಮಿಸದಿದ್ದರೆ ಬಿಡುವು ಕೊಟ್ಟಂತಲ್ಲ. ನನಗೆ ಇದು ತೀರಾ ಮುಖ್ಯ ಅನಿಸುತ್ತದೆ, ಏಕೆಂದರೆ ನಾಳೆಯಿಂದಲೇ ಮಾಡಬಹುದು.

ಪಾಳಿಯ ಪಟ್ಟಿ ಕೆಲವು ವಾರ ಮೊದಲೇ ಕೈಸೇರಬೇಕು. ರಾತ್ರಿ ಪಾಳಿ ಮುಗಿದ ಮರುದಿನವೇ ಬೆಳಗಿನ ಪಾಳಿ ಹಾಕಬಾರದು. ರೋಗಿಯನ್ನು ಎತ್ತಲು, ಸರಿಸಲು ಸಾಧನ ಬೇಕು, ಇಲ್ಲದಿದ್ದರೆ ಸೊಂಟ ಹೋಗುತ್ತದೆ.

ಕೊನೆಯದಾಗಿ, ರೋಗಿಯ ಕಡೆಯವರು ಬೈದರೆ, ಕೈ ಮಾಡಿದರೆ, "ಸುಮ್ನೆ ಬಿಡಿ" ಅನ್ನಬಾರದು. ಆಡಳಿತವೇ ದೂರು ಕೊಟ್ಟು, ನರ್ಸ್ ಪರ ನಿಲ್ಲಬೇಕು.